ಕೊರಳ ಭಾರ, ಕಿಸೆಯ ಭಾರ: ಕ್ಯಾಮರಾ ಕೊಳ್ಳುವ ಮುನ್ನ ಒಂದು ವಿಚಾರ

ಗ್ರಾಂಟ್ ರೋಡ್ ನಿಲ್ದಾಣದಿಂದ ಪೂರ್ವಕ್ಕೆ ಇಳಿದು ತುಸು ನಡೆದರೆ ಲ್ಯಾಮಿಂಗ್ಟನ್ ರೋಡ್. ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗವೆಂಬುದು ಅದರ ಅಧಿಕೃತ ನಾಮಧೇಯವಾದರೂ ಮುಂಬಯಿಗರ ನಾಲಗೆ ಹಳೆಯ ಹೆಸರನ್ನು ಬಿಟ್ಟಿಲ್ಲ. ವಿದ್ಯುನ್ಮಾನ ಸಾಮಗ್ರಿಗಳಿಗೆ ಹೆಸರಾದ ಈ ಪೇಟೆಯಲ್ಲಿ ಮೆಮರಿ ಕಾರ್ಡು, ಬ್ಯಾಟರಿ, ಕೇಬಲ್ಲುಗಳು ರಾಶಿ ರಾಶಿಯಾಗಿ ದೊರೆಯುತ್ತವೆ. ಇನ್ನಷ್ಟು ಪೂರ್ವಕ್ಕೆ ಸಾಗಿದರೆ ಚೋರ್ ಬಜಾರಿನ ಮಟನ್ ಸ್ಟ್ರೀಟು. ಅಲ್ಲಿ ಹಿತ್ತಾಳೆಯ ದೀಪ, ಗ್ರಾಮಾಫೋನುಗಳ ನಡುವೆ ಮುಪ್ಪಡರಿದ ಕ್ಯಾಮರಾಗಳು ಗಿರಾಕಿಯ ದಾರಿ ಕಾಯುತ್ತಿರುತ್ತವೆ. ಹೊಸ ಕ್ಯಾಮರಾ ಬೇಕಾದವರು ರೈಲು ಹಿಡಿದು ಫೋರ್ಟ್ ವಿಭಾಗದ ಬೋರಾ ಬಜಾರಿಗೆ ಹೋಗುವುದು ರೂಢಿ. ಹೀಗೆ ಛಾಯಾಗ್ರಹಣದ ನಿನ್ನೆಯೂ ಇಂದೂ ನಮ್ಮ ನೆರೆಯಲ್ಲಿಯೇ ಇರುವುದರಿಂದಲೋ ಏನೋ, ನಮ್ಮ ಸಂಘದ ಸದಸ್ಯರು ಒಂದೆಡೆ ಸೇರಿದಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: "ಕ್ಯಾಮರಾ ಕೊಳ್ಳಬೇಕೆಂದಿದ್ದೇನೆ. ದೊಡ್ಡ ಡಿ.ಎಸ್.ಎಲ್.ಆರ್. ಒಳ್ಳೆಯದೋ, ಈಗ ಬಂದಿರುವ ಚಿಕ್ಕ ಮಿರರ್‌ಲೆಸ್ ಒಳ್ಳೆಯದೋ?"

ಕೇಳುವವರಲ್ಲಿ ಬಹುಮಂದಿ ನಲವತ್ತನ್ನು ದಾಟಿದವರು. ಮಕ್ಕಳ ವಿದ್ಯಾಭ್ಯಾಸದ ಹೊರೆ ತುಸು ಇಳಿದಿದೆ, ನಿವೃತ್ತಿ ದೂರದಲ್ಲಿ ಕಾಣುತ್ತಿದೆ, ಊರಿನ ಜಾತ್ರೆ, ಮೊಮ್ಮಗುವಿನ ನಾಮಕರಣ, ಸಂಘದ ನಾಟಕ ಇವೆಲ್ಲವನ್ನೂ ಚೆನ್ನಾಗಿ ಹಿಡಿದಿಡಬೇಕೆಂಬ ಆಸೆ ಮೂಡಿದೆ. ಇದೇ ವಯಸ್ಸಿನಲ್ಲಿ ಕತ್ತು, ಭುಜ, ಕಣ್ಣುಗಳೂ ತಮ್ಮ ಇರವನ್ನು ಜ್ಞಾಪಿಸತೊಡಗುತ್ತವೆ. ಆದುದರಿಂದ ಕ್ಯಾಮರಾದ ಆಯ್ಕೆಯು ಕೇವಲ ಯಂತ್ರದ ಆಯ್ಕೆಯಲ್ಲ. ಅದು ಹಣದ ಪ್ರಶ್ನೆ, ಅಂತೆಯೇ ಆರೋಗ್ಯದ ಪ್ರಶ್ನೆ. ಆರೋಗ್ಯ ಲೇಖನಗಳ ನಡುವೆ ಈ ವಿಷಯಕ್ಕೆ ಸ್ಥಾನ ಕೋರುವ ಧೈರ್ಯ ಬಂದುದು ಈ ಕಾರಣದಿಂದಲೇ.

ಹೊರೆಯ ಹಿನ್ನೋಟ

ಛಾಯಾಗ್ರಹಣದ ಇತಿಹಾಸವೆಂದರೆ ಹೊರೆ ಇಳಿಸಿಕೊಂಡು ಬಂದ ಇತಿಹಾಸವೆಂದರೂ ಸಲ್ಲುತ್ತದೆ. ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಗೊಂಡದ್ದು 1854ರಲ್ಲಿ. ಅದಾದ ಎರಡೇ ವರ್ಷಗಳಲ್ಲಿ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ದೇವಾಲಯಗಳ ಚಿತ್ರಗಳನ್ನು ತೆಗೆದನು. ಆತನ ಕಾಗದದ ನೆಗೆಟಿವ್ ಒಂದೊಂದೂ ಸುಮಾರು 16 ಅಂಗುಲಕ್ಕೆ 18 ಅಂಗುಲ. ಅದನ್ನು ಹಿಡಿಸುವ ಕ್ಯಾಮರಾ ಒಂದು ಪೆಟ್ಟಿಗೆಯಷ್ಟು ದೊಡ್ಡದಾಗಿದ್ದಿರಬೇಕೆಂಬುದನ್ನು ವಾಚಕರು ಊಹಿಸಬಹುದು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಬೃಹದ್ಗ್ರಂಥಕ್ಕೆ ಚಿತ್ರಗಳನ್ನೊದಗಿಸಿದ ಮೂವರಲ್ಲಿ ಡಾ. ಪಿಗೂ ಎಂಬ ವೈದ್ಯರೂ ಒಬ್ಬರು. ನಮ್ಮ ನಾಡಿನ ಗುಡಿ ಗೋಪುರಗಳ ಮೊದಲ ಚಿತ್ರಗಳು ಇಂತಹ ಹೊರೆಯ ಫಲ.

ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ದೇಶದ ಪ್ರಥಮ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಕೀರ್ತಿ ಪಡೆದ ಹೋಮಾಯ್ ವ್ಯಾರಾವಾಲಾ (1913-2012) ಅವರು ಸೀರೆಯುಟ್ಟು ಸ್ಪೀಡ್ ಗ್ರಾಫಿಕ್ ಎಂಬ ಭಾರೀ ಕ್ಯಾಮರಾ ಹಿಡಿದು ದೆಹಲಿಯ ಐತಿಹಾಸಿಕ ಕ್ಷಣಗಳನ್ನು ಸೆರೆಹಿಡಿದರು. ಎದೆಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುವ ರೋಲಿಫ್ಲೆಕ್ಸ್ ಕೂಡ ಅವರ ಬಳಿಯಿತ್ತು. ಇತ್ತ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಕ್ಯಾಮರಾ ಬಂದುದು ಬರೋಡೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ರೂಪದಲ್ಲಿ. ಒಂದು ಸುರುಳಿಗೆ 12 ಚಿತ್ರ. ಹಗುರವಾದ ಪ್ಲಾಸ್ಟಿಕ್ ದೇಹ. ಮದುವೆಯ ಆಲ್ಬಮ್ಮುಗಳನ್ನು ತುಂಬಿದ್ದು ಭಾರೀ ಕ್ಯಾಮರಾಗಳೇ ಆದರೂ, ಮನೆಯ ಜಗಲಿಯಲ್ಲಿ ಅಜ್ಜಿ ಅಕ್ಕಿ ಆರಿಸುವ ಚಿತ್ರ ಇಂದು ಯಾರದಾದರೂ ಮನೆಯಲ್ಲಿ ಉಳಿದಿದ್ದರೆ ಅದು ಬಹುತೇಕ ಇಂತಹ ಚಿಕ್ಕ ಪೆಟ್ಟಿಗೆಯ ಉಪಕಾರ. ಹೊರಲು ಸುಲಭವಾದುದು ಕೈಯಲ್ಲಿರುತ್ತದೆ. ಕೈಯಲ್ಲಿರುವುದು ಚಿತ್ರ ತೆಗೆಯುತ್ತದೆ. ಈ ಸಾದಾ ಸತ್ಯವನ್ನು ಮುಂದಿನ ಎಲ್ಲ ಲೆಕ್ಕಾಚಾರಗಳಲ್ಲಿಯೂ ನೆನಪಿಡತಕ್ಕದ್ದು.

ಕನ್ನಡಿಯ ಕೆಲಸವೇನು?

ಎರಡು ಬಗೆಯ ಕ್ಯಾಮರಾಗಳಿಗೂ ಇರುವ ಮೂಲ ವ್ಯತ್ಯಾಸ ಒಂದು ಕನ್ನಡಿ. ಡಿ.ಎಸ್.ಎಲ್.ಆರ್. ಕ್ಯಾಮರಾದಲ್ಲಿ ಮಸೂರದ ಹಿಂದೆ 45 ಅಂಶ ಓರೆಯಾಗಿ ಒಂದು ದರ್ಪಣವಿರುತ್ತದೆ. ಮಸೂರದಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಅಲ್ಲಿರುವ ಪಂಚಕೋನದ ಪಟ್ಟಕವು ಪ್ರತಿಬಿಂಬವನ್ನು ನೆಟ್ಟಗೆ ಮಾಡಿ ನಮ್ಮ ಕಣ್ಣಿಗೆ ಒಪ್ಪಿಸುತ್ತದೆ. ಗುಂಡಿಯೊತ್ತಿದ ಕ್ಷಣ ಕನ್ನಡಿ ಮೇಲಕ್ಕೆ ಹಾರಿ, ಬೆಳಕು ಹಿಂದಿನ ಸಂವೇದಕದ ಮೇಲೆ ಬೀಳುತ್ತದೆ. 'ಟಪ್' ಎಂಬ ಪರಿಚಿತ ಸದ್ದಿನಲ್ಲಿ ಈ ಕನ್ನಡಿಯ ಪಾಲು ದೊಡ್ಡದು. ಸುರುಳಿಯ ಕಾಲದಿಂದಲೂ ನಡೆದುಬಂದ ಏರ್ಪಾಡು ಇದು. ನಿಕಾನ್ ಸಂಸ್ಥೆಯ ಪ್ರಸಿದ್ಧ ನಿಕಾನ್ ಎಫ್ ಬಂದುದು 1959ರಲ್ಲಿ. ಸುರುಳಿಯ ಬದಲು ಸಂವೇದಕವನ್ನು ಇರಿಸಿದ ಕೊಡಾಕ್ ಡಿ.ಸಿ.ಎಸ್. 1991ರಲ್ಲಿ ಬಂದಿತು, ಅದರ ದೇಹ ನಿಕಾನ್ ಎಫ್3ರದು, ಸಾಮರ್ಥ್ಯ ಕೇವಲ 1.3 ಮೆಗಾಪಿಕ್ಸೆಲ್.

ಮಿರರ್‌ಲೆಸ್ ಅಂದರೆ ದರ್ಪಣರಹಿತ ಕ್ಯಾಮರಾದಲ್ಲಿ ಬೆಳಕು ನೇರವಾಗಿ ಸಂವೇದಕದ ಮೇಲೆ ಬೀಳುತ್ತಲೇ ಇರುತ್ತದೆ. ಅದು ಕಂಡದ್ದನ್ನು ಪುಟ್ಟ ವಿದ್ಯುತ್ ಪರದೆಯ ಮೂಲಕ ನಾವು ನೋಡುತ್ತೇವೆ. ಪ್ಯಾನಸಾನಿಕ್ ಸಂಸ್ಥೆಯ ಲ್ಯೂಮಿಕ್ಸ್ ಜಿ1 2008ರಲ್ಲಿ ಈ ಪೀಳಿಗೆಗೆ ನಾಂದಿ ಹಾಡಿತು. 2013ರಲ್ಲಿ ಸೋನಿ ಎ7 ಬಂದು, 36 ಮಿ.ಮೀ.ಗೆ 24 ಮಿ.ಮೀ. ಅಳತೆಯ ಪೂರ್ಣ ಚೌಕಟ್ಟಿನ ಸಂವೇದಕವನ್ನೂ ಚಿಕ್ಕ ದೇಹದಲ್ಲಿ ಅಳವಡಿಸಬಹುದೆಂದು ತೋರಿಸಿತು. ಬಹುಕಾಲ ಹಿಂದುಮುಂದು ನೋಡಿದ ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು 2018ರಲ್ಲಿ ಪೂರ್ಣ ಚೌಕಟ್ಟಿನ ದರ್ಪಣರಹಿತ ಮಾಲೆಗಳನ್ನು ಹೊರತಂದವು. 2020ರ ತರುವಾಯ ಆ ಎರಡು ಸಂಸ್ಥೆಗಳಿಂದ ಹೊಸ ಡಿ.ಎಸ್.ಎಲ್.ಆರ್. ಬಂದಿಲ್ಲ. 2012ರಲ್ಲಿ ಜಗತ್ತಿಗೆ 1 ಕೋಟಿ 60 ಲಕ್ಷಕ್ಕೂ ಮಿಕ್ಕಿ ಡಿ.ಎಸ್.ಎಲ್.ಆರ್.ಗಳು ರವಾನೆಯಾಗಿದ್ದವೆಂದು ಜಪಾನಿನ ತಯಾರಕರ ಸಂಘದ ಅಂಕಿ ಅಂಶಗಳು ಹೇಳುತ್ತವೆ. 2020ರಲ್ಲಿ ದರ್ಪಣರಹಿತ ಕ್ಯಾಮರಾಗಳು ಅವನ್ನು ಹಿಂದೆ ಹಾಕಿದವು.

ಕನ್ನಡಿ ಹೋದುದರಿಂದ ಸ್ಥಳ ಉಳಿಯಿತು. ಮಸೂರ ಕೂಡುವ ಬಳೆಯಿಂದ ಸಂವೇದಕದವರೆಗಿನ ಅಂತರ ನಿಕಾನ್ ಡಿ.ಎಸ್.ಎಲ್.ಆರ್.ಗಳಲ್ಲಿ 46.5 ಮಿ.ಮೀ.; ಅದೇ ಸಂಸ್ಥೆಯ ಝಡ್ ಮಾಲೆಯಲ್ಲಿ 16 ಮಿ.ಮೀ. ದೇಹ ತೆಳುವಾಯಿತೆಂಬುದು ಇದರಿಂದ ಸ್ಪಷ್ಟ. ಆದರೆ ತೆಳುವಾದುದೆಲ್ಲ ಹಗುರವೆಂದು ಭಾವಿಸುವಲ್ಲಿಯೇ ಗಿರಾಕಿ ಎಡವುವುದು.

ತಕ್ಕಡಿಯ ಸಾಕ್ಷ್ಯ

ಮಾತಿಗಿಂತ ತೂಕ ಲೇಸು. ಒಂದೇ ಸಂಸ್ಥೆಯ, ಒಂದೇ ದರ್ಜೆಯ ಉಪಕರಣಗಳನ್ನು ತಕ್ಕಡಿಗೆ ಹಾಕಿ ನೋಡೋಣ. ತಯಾರಕರು ಕೊಟ್ಟಿರುವ ತೂಕಗಳೇ ಇಲ್ಲಿವೆ. ಕ್ಯಾಮರಾ ದೇಹದ ತೂಕ ಬ್ಯಾಟರಿ, ಕಾರ್ಡು ಸೇರಿ.

ಮೊದಲು ವೃತ್ತಿಪರರ ದರ್ಜೆ. ಕ್ಯಾನನ್ 5ಡಿ ಮಾರ್ಕ್ 4 ಎಂಬ ಡಿ.ಎಸ್.ಎಲ್.ಆರ್. 890 ಗ್ರಾಂ. ಅದಕ್ಕೆ ಎಫ್ 2.8 ರಂಧ್ರದ 24-70 ಮಸೂರ 805 ಗ್ರಾಂ, 70-200 ಮಸೂರ 1480 ಗ್ರಾಂ. ಒಟ್ಟು 3175 ಗ್ರಾಂ. ಇದಕ್ಕೆ ಸರಿಸಮನಾದ ದರ್ಪಣರಹಿತ ಜೋಡಣೆ: ಆರ್6 ಮಾರ್ಕ್ 2 ದೇಹ 670 ಗ್ರಾಂ, ಅದೇ ರಂಧ್ರದ 24-70 ಮಸೂರ 900 ಗ್ರಾಂ, 70-200 ಮಸೂರ 1070 ಗ್ರಾಂ, ಒಟ್ಟು 2640 ಗ್ರಾಂ. ಉಳಿತಾಯ 535 ಗ್ರಾಂ, ಅಂದರೆ ಶೇಕಡಾ 17ರಷ್ಟು. ಮೊದಲನೆಯ ಮಸೂರದ ತೂಕ ಇಳಿಯುವ ಬದಲು ಏರಿದೆ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಗೃಹಸ್ಥರ ದರ್ಜೆ. ಇಲ್ಲಿ ಸಂವೇದಕ ಪೂರ್ಣ ಚೌಕಟ್ಟಿಗಿಂತ ಚಿಕ್ಕದು, ಮಸೂರಗಳ ರಂಧ್ರವೂ ಕಿರಿದು. ಕ್ಯಾನನ್ 200ಡಿ ಮಾರ್ಕ್ 2 ಎಂಬ ಡಿ.ಎಸ್.ಎಲ್.ಆರ್. 449 ಗ್ರಾಂ, 18-55 ಮಸೂರ 215 ಗ್ರಾಂ, 55-250 ಮಸೂರ 375 ಗ್ರಾಂ. ಒಟ್ಟು 1039 ಗ್ರಾಂ. ದರ್ಪಣರಹಿತ ಆರ್50 ದೇಹ 375 ಗ್ರಾಂ, 18-45 ಮಸೂರ 130 ಗ್ರಾಂ, 55-210 ಮಸೂರ 270 ಗ್ರಾಂ. ಒಟ್ಟು 775 ಗ್ರಾಂ. ಉಳಿತಾಯ 264 ಗ್ರಾಂ, ಶೇಕಡಾ 25ರಷ್ಟು. ಹೊಸ ಮಸೂರಗಳ ವ್ಯಾಪ್ತಿ ತುಸು ಮೊಟಕಾಗಿದೆಯೆಂಬುದನ್ನೂ ಹೇಳಬೇಕು.

ಈ ನಾಲ್ಕು ಮೊತ್ತಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಸತ್ಯ ಹೊರಬೀಳುತ್ತದೆ: 3175, 2640, 1039, 775. ದೊಡ್ಡ ಜಿಗಿತ ಇರುವುದು ಕನ್ನಡಿ ಇರುವ, ಇಲ್ಲದ ಕ್ಯಾಮರಾಗಳ ನಡುವೆ ಅಲ್ಲ; ಎರಡನೆಯ ಮತ್ತು ಮೂರನೆಯ ಮೊತ್ತಗಳ ನಡುವೆ. ಕನ್ನಡಿಯಿರುವ ಚಿಕ್ಕ ಜೋಡಣೆಯು ಕನ್ನಡಿಯಿಲ್ಲದ ದೊಡ್ಡ ಜೋಡಣೆಯ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಭಾರವಿರುವುದು ಸಂವೇದಕದ ಅಳತೆಯಲ್ಲಿ ಮತ್ತು ಮಸೂರದ ರಂಧ್ರದಲ್ಲಿ. ಹೆಚ್ಚು ಬೆಳಕನ್ನು ದೊಡ್ಡ ಚೌಕಟ್ಟಿನ ಮೇಲೆ ಸುರಿಯಬೇಕಾದರೆ ದೊಡ್ಡ ಗಾಜು ಬೇಕೇ ಬೇಕು. ಈ ಭೌತ ನಿಯಮಕ್ಕೆ ಕನ್ನಡಿಯ ಹಂಗಿಲ್ಲ. ಆದುದರಿಂದ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಕನ್ನಡಿ ಬೇಕೇ, ಬೇಡವೇ?" ಎಂಬುದಲ್ಲ, "ಎಷ್ಟು ಗಾಜು ಹೊರಬಲ್ಲೆ, ಎಷ್ಟು ಗಾಜು ನಿಜವಾಗಿ ಬೇಕು?" ಎಂಬುದು.

ಶರೀರದ ಲೆಕ್ಕ

ಲೇಖಕನು ವೈದ್ಯನಲ್ಲ. ಆದರೂ ಸಾಮಾನ್ಯ ತಿಳಿವಳಿಕೆಯ ಕೆಲವು ಅಂಶಗಳನ್ನು ನಿವೇದಿಸಬಹುದು. ಮನುಷ್ಯನ ತಲೆಯೇ ಸುಮಾರು 5 ಕಿಲೋ ಭಾರ. ಅದನ್ನು ನೆಟ್ಟಗೆ ಹಿಡಿದಿದ್ದರೆ ಕತ್ತು ಅಷ್ಟನ್ನೇ ಹೊರುತ್ತದೆ; ಮುಂದಕ್ಕೆ ಬಾಗಿಸಿದಷ್ಟೂ ಹೊರೆ ಏರುತ್ತದೆ. ನ್ಯೂಯಾರ್ಕಿನ ಬೆನ್ನೆಲುಬಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಅವರು 2014ರಲ್ಲಿ ಪ್ರಕಟಿಸಿದ ಮಾದರಿ ಲೆಕ್ಕದಂತೆ 30 ಅಂಶ ಬಾಗಿದಾಗ ಸುಮಾರು 18 ಕಿಲೋ, 60 ಅಂಶ ಬಾಗಿದಾಗ ಸುಮಾರು 27 ಕಿಲೋದಷ್ಟು ಒತ್ತಡ ಕತ್ತಿನ ಮೇಲೆ ಬೀಳುತ್ತದೆ. ಮೊಬೈಲನ್ನು ಕುರಿತು ಹೇಳಿದ ಈ ಮಾತು, ಪ್ರತಿಯೊಂದು ಚಿತ್ರ ತೆಗೆದ ಮೇಲೂ ತಲೆ ತಗ್ಗಿಸಿ ಹಿಂದಿನ ಪರದೆಯನ್ನು ನೋಡುವ ಛಾಯಾಗ್ರಾಹಕರಿಗೂ ಅನ್ವಯಿಸುತ್ತದೆ. ಕ್ಯಾಮರಾ ಎಷ್ಟೇ ಹಗುರವಾಗಿರಲಿ, ಈ ಅಭ್ಯಾಸ ಭಾರವೇ. ಚಿತ್ರಗಳನ್ನು ಬಿಡುವಿನಲ್ಲಿ ಕುಳಿತು ನೋಡುವುದು ಒಳಿತು. ನೋಡಲೇಬೇಕೆಂದರೆ ಕ್ಯಾಮರಾವನ್ನು ಕಣ್ಣಿನ ಮಟ್ಟಕ್ಕೆ ಎತ್ತಬೇಕು.

ಎರಡು ಮೂರು ಕಿಲೋ ಭಾರವನ್ನು ಕಿರಿದಾದ ಪಟ್ಟಿಯಿಂದ ಕೊರಳಿಗೆ ತೂಗಿಹಾಕಿ ನಾಲ್ಕು ಗಂಟೆ ನಿಂತರೆ ಕತ್ತಿನ ಹಿಂಭಾಗದ ಮತ್ತು ಭುಜದ ಸ್ನಾಯುಗಳು ಬಿಗಿಯುವುದು ಸಹಜ. ಕತ್ತಿನ ಸ್ಪಾಂಡಿಲೋಸಿಸ್ ಇರುವವರಿಗೆ ಇದು ತರವಲ್ಲ. ಪಟ್ಟಿಯನ್ನು ಒಂದು ಭುಜದಿಂದ ಎದುರು ಸೊಂಟಕ್ಕೆ ಜನಿವಾರದಂತೆ ಅಡ್ಡಲಾಗಿ ಧರಿಸಿದರೆ ಹೊರೆ ಹಂಚಿಹೋಗುತ್ತದೆ. ಆಗಾಗ ಭುಜ ಬದಲಿಸಬೇಕು. ಮಸೂರಗಳ ಚೀಲ ಎರಡೂ ಭುಜಗಳ ಮೇಲೆ ಕೂರುವಂಥದಾಗಿರಲಿ. ಭುಜ ಬಿಗಿದು ಕೈ ಮೇಲೆತ್ತಲಾಗದ 'ಫ್ರೋಜನ್ ಶೋಲ್ಡರ್' ಎಂಬ ವ್ಯಾಧಿ 40ರಿಂದ 60ರ ವಯೋಮಾನದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಹೆಚ್ಚು. ಭಾರದ ಕ್ಯಾಮರಾವನ್ನು ಕಣ್ಣಿಗೆತ್ತುವಾಗ ನೋವು ಕಂಡರೆ, ಬೆರಳುಗಳಲ್ಲಿ ಜೋಮು ಹಿಡಿದರೆ ಮುಲಾಮಿನಿಂದ ಮುಚ್ಚಿಡದೆ ವೈದ್ಯರನ್ನು ಕಾಣತಕ್ಕದ್ದು.

ಹಾಗೆಂದು ಅತಿ ಚಿಕ್ಕದೇ ಅತಿ ಆರೋಗ್ಯಕರವೆಂದು ತಿಳಿಯಬಾರದು. ಹಿಡಿಕೆಯಿಲ್ಲದ ಪುಟ್ಟ ದೇಹಕ್ಕೆ ಒಂದು ಕಿಲೋ ತೂಕದ ಮಸೂರ ಜೋಡಿಸಿದರೆ ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತದೆ. ಎಲ್ಲ ಶ್ರಮವೂ ಹೆಬ್ಬೆರಳಿಗೂ ಮಣಿಕಟ್ಟಿಗೂ ಬೀಳುತ್ತದೆ. ಆ ಭಾಗದ ಸ್ನಾಯುರಜ್ಜುಗಳ ಉರಿಯೂತ ಬೇಗನೆ ಮಾಸುವಂಥದಲ್ಲ. ದೊಡ್ಡ ಡಿ.ಎಸ್.ಎಲ್.ಆರ್.ನ ಆಳವಾದ ಹಿಡಿಕೆಯೇ ಅಂತಹ ಮಸೂರಕ್ಕೆ ತಕ್ಕುದು. ಅಂಗಡಿಯಲ್ಲಿ ಕ್ಯಾಮರಾವನ್ನು ತಾವು ಬಳಸಲಿರುವ ಮಸೂರದೊಡನೆಯೇ ಕೈಗೆ ತೆಗೆದುಕೊಂಡು, ಕಣ್ಣಿಗೆ ಹಿಡಿದು ಐದು ನಿಮಿಷ ನಿಂತು ನೋಡಬೇಕು. ಎರಡು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎಡಗೈಯನ್ನು ಮಸೂರದ ಅಡಿಗೆ ಕೊಟ್ಟು ಹಿಡಿದರೆ ನಡುಕವೂ ಕಡಿಮೆ, ದಣಿವೂ ಕಡಿಮೆ.

ಕಣ್ಣಿನ ವಿಷಯಕ್ಕೆ ಬರೋಣ. ನಲವತ್ತರ ಅನಂತರ ಬರುವ ಕನ್ನಡಕಕ್ಕೆ ನಮ್ಮ ಹಿರಿಯರು 'ಚಾಳೀಸು' ಎಂದೇ ಹೆಸರಿಟ್ಟಿದ್ದಾರೆ. ಚಾಳೀಸಿನ ಕಣ್ಣಿಗೆ ಹಿಂದಿನ ಪರದೆ ಮಸುಕು. ಆದುದರಿಂದ ವೀಕ್ಷಣ ಕಿಂಡಿಯೇ ಇಲ್ಲದ ಕ್ಯಾಮರಾ ನಮ್ಮ ವಯಸ್ಸಿನವರಿಗೆ ಒಗ್ಗದು. ಕಿಂಡಿಯ ಪಕ್ಕದಲ್ಲಿರುವ ಪುಟ್ಟ ಚಕ್ರವನ್ನು ತಿರುಗಿಸಿ ಕಣ್ಣಿನ ದೋಷಕ್ಕೆ ಸರಿಹೊಂದಿಸಿಕೊಳ್ಳಬಹುದು. ಎರಡೂ ಬಗೆಯ ಕ್ಯಾಮರಾಗಳಲ್ಲಿ ಈ ಸೌಲಭ್ಯವುಂಟು. ಡಿ.ಎಸ್.ಎಲ್.ಆರ್. ತೋರಿಸುವುದು ನೈಜ ಬೆಳಕು. ದೀರ್ಘಕಾಲ ನೋಡಿದರೂ ಹಿತ. ದರ್ಪಣರಹಿತದ್ದು ಕಿರು ದೂರದರ್ಶನವಿದ್ದಂತೆ. ಮಂದ ಬೆಳಕಿನಲ್ಲಿಯೂ ಉಜ್ವಲವಾಗಿ ಕಾಣಿಸುತ್ತದೆ, ಚಿತ್ರ ಕಪ್ಪಾಗುವುದೋ ಬಿಳಿಚಿಕೊಳ್ಳುವುದೋ ಎಂಬುದನ್ನು ತೆಗೆಯುವ ಮುನ್ನವೇ ಹೇಳಿಬಿಡುತ್ತದೆ. ಮೇಲಾಗಿ ಮನುಷ್ಯರ ಕಣ್ಣುಗಳನ್ನು ತಾನೇ ಹುಡುಕಿ ಸ್ಪಷ್ಟತೆಯನ್ನು ಅಲ್ಲಿಗೇ ನಿಲ್ಲಿಸುವ ಶಕ್ತಿ ಹೊಸ ದರ್ಪಣರಹಿತ ಕ್ಯಾಮರಾಗಳಲ್ಲಿದೆ. ದೃಷ್ಟಿ ಮಂದವಾದವರಿಗೆ ಇದು ಊರುಗೋಲಿನಷ್ಟು ಉಪಕಾರಿ.

ಮುಂಬಯಿಯ ಮಳೆ, ರಂಗಸ್ಥಳದ ಬೆಳಕು

ಯಂತ್ರ ಹಗುರವಾದುದಕ್ಕೆ ತೆರಬೇಕಾದ ಬೆಲೆಯೂ ಉಂಟು. ವಿದ್ಯುತ್ ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ. ನಿಕಾನ್ ಡಿ3500 ಎಂಬ ಚಿಕ್ಕ ಡಿ.ಎಸ್.ಎಲ್.ಆರ್. ಒಮ್ಮೆ ತುಂಬಿಸಿದ ಬ್ಯಾಟರಿಯಲ್ಲಿ 1550 ಚಿತ್ರಗಳನ್ನು ತೆಗೆಯುತ್ತದೆಂದು ತಯಾರಕರ ಮಾಪನ. ಮೇಲೆ ಹೇಳಿದ ಆರ್50ಕ್ಕೆ ಸುಮಾರು 370. ದಿನವಿಡೀ ನಡೆಯುವ ಮದುವೆಗೆ ಎರಡು ಬ್ಯಾಟರಿ ಹೆಚ್ಚಾಗಿ ಬೇಕು, ಅವುಗಳ ಬೆಲೆಯನ್ನೂ ಅಂದಾಜಿಗೆ ಸೇರಿಸಬೇಕು. ಮಸೂರ ಬದಲಿಸುವಾಗ ಸಂವೇದಕದ ಮುಂದೆ ಕನ್ನಡಿಯ ಮರೆಯಿಲ್ಲದೆ ಧೂಳು ಸುಲಭವಾಗಿ ಕೂರುತ್ತದೆ. ಲೋಕಲ್ ರೈಲಿನ ಬಾಗಿಲಲ್ಲಿ, ಗಿರಗಾಂವ್ ಚೌಪಾಟಿಯ ಮರಳಿನಲ್ಲಿ ಮಸೂರ ಬದಲಿಸದಿರುವುದು ಕ್ಷೇಮ.

ಯಕ್ಷಗಾನ, ನಾಟಕ, ಸಂಗೀತ ಕಛೇರಿಗಳ ಚಿತ್ರ ತೆಗೆಯುವವರಿಗೆ ದರ್ಪಣರಹಿತ ಕ್ಯಾಮರಾದ ನಿಶ್ಶಬ್ದ ಕ್ರಮ ವರದಾನ. ಆಲಾಪನೆಯ ನಡುವೆ 'ಟಪ್ ಟಪ್' ಸದ್ದಿನಿಂದ ರಸಭಂಗವಾಗದು. ಆದರೆ ಎಲ್.ಇ.ಡಿ. ದೀಪಗಳ ರಂಗಸ್ಥಳದಲ್ಲಿ ಈ ನಿಶ್ಶಬ್ದ ವಿದ್ಯುತ್ ಷಟರ್ ಚಿತ್ರದ ಮೇಲೆ ಅಡ್ಡಪಟ್ಟೆಗಳನ್ನು ಮೂಡಿಸಬಹುದು. ಗಿರಕಿ ಹೊಡೆಯುವ ವೇಷಧಾರಿಯ ಕೈಕೋಲುಗಳು ಡೊಂಕಾಗಿ ಕಾಣಬಹುದು. ಅಂತಹ ಕಡೆ ಸಾಧಾರಣ ಯಾಂತ್ರಿಕ ಷಟರನ್ನೇ ಬಳಸುವುದು ಮೇಲು.

ಇನ್ನು ನಮ್ಮ ನಗರದ ಆರ್ದ್ರತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಚರ್ಮದ ಚೀಲದಲ್ಲಿ ಇಟ್ಟ ಮಸೂರಕ್ಕೆ ಬೂಷ್ಟು ಹಿಡಿಯುವುದು ಖಚಿತವೆಂದೇ ಹೇಳಬಹುದು. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲಿ ಅಗ್ಗದ ಆರ್ದ್ರತಾ ಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಸಾಕು. ಬೂಷ್ಟಿಗೆ ಕನ್ನಡಿಯಿರುವ, ಇಲ್ಲದ ಎಂಬ ಭೇದವಿಲ್ಲ. ಬಳಸದೆ ಇಟ್ಟ ಉಪಕರಣವೇ ಅದಕ್ಕೆ ಮೊದಲ ಆಹಾರ.

ಕಿಸೆಯ ಲೆಕ್ಕ

ವಾಣಿಜ್ಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಕ್ಯಾಮರಾದ ದೇಹ ಸವಕಳಿಯ ಆಸ್ತಿ, ಮಸೂರ ಬಂಡವಾಳ. ದೇಹದ ಬೆಲೆ ಹೊಸ ಮಾದರಿ ಬಂದೊಡನೆ ಕುಸಿಯುತ್ತದೆ; ಒಳ್ಳೆಯ ಮಸೂರ ಹಲವು ದೇಹಗಳನ್ನು ಕಂಡು ಬಾಳುತ್ತದೆ. ಆದುದರಿಂದ ಇಟ್ಟುಕೊಂಡ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದೇಹಕ್ಕೆ ಸುರಿಯುವುದು ವಿವೇಕವಲ್ಲ.

ಈಗಾಗಲೇ ಕ್ಯಾನನ್ ಅಥವಾ ನಿಕಾನ್ ಡಿ.ಎಸ್.ಎಲ್.ಆರ್. ಮಸೂರಗಳನ್ನು ಹೊಂದಿದವರು ಅವನ್ನು ಅರ್ಧ ಬೆಲೆಗೆ ಮಾರಲು ಅವಸರಿಸಬೇಕಿಲ್ಲ. ಅಡಾಪ್ಟರ್ ಎಂಬ ಬಳೆಯ ಸಹಾಯದಿಂದ ಅವುಗಳನ್ನು ಅದೇ ಸಂಸ್ಥೆಯ ದರ್ಪಣರಹಿತ ದೇಹಕ್ಕೆ ಕೂಡಿಸಬಹುದು. ಕ್ಯಾನನ್ 1987ರಲ್ಲಿ ಆರಂಭಿಸಿದ ಇ.ಎಫ್. ಮಾಲೆಯ ಮಸೂರಗಳು ಹೀಗೆ ಸಲೀಸಾಗಿ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ತುಸು ಎಚ್ಚರ ಬೇಕು: ತನ್ನೊಳಗೆ ಮೋಟಾರಿಲ್ಲದ ಹಳೆಯ ಮಸೂರಗಳನ್ನು ಆ ಸಂಸ್ಥೆಯ ಅಡಾಪ್ಟರಿನೊಂದಿಗೆ ಕೈಯಿಂದಲೇ ಸ್ಪಷ್ಟಗೊಳಿಸಬೇಕಾಗುತ್ತದೆ. ದರ್ಪಣರಹಿತ ಕ್ಯಾಮರಾದ ಹೊಸ ಮಸೂರವಾದರೋ ಹಳೆಯ ಡಿ.ಎಸ್.ಎಲ್.ಆರ್.ಗೆ ಕೂಡದು. ದಾರಿ ಒಂದೇ ದಿಕ್ಕಿನದು.

ಹೊಸದೆಂಬ ಮಾತ್ರಕ್ಕೆ ಅದು ಚಿರಾಯುವಲ್ಲ. ನಿಕಾನ್ 1 ಎಂಬ ದರ್ಪಣರಹಿತ ಮಾಲೆ 2011ರಲ್ಲಿ ಹುಟ್ಟಿ 2018ರಲ್ಲಿ ಮುಗಿಯಿತು. ಕ್ಯಾನನ್ 2012ರಲ್ಲಿ ಆರಂಭಿಸಿದ ಎಂ ಮಾಲೆಯೂ ಹತ್ತು ಹನ್ನೊಂದು ವರ್ಷಗಳಲ್ಲಿ ನಿಂತಿತು. ಅಗ್ಗಕ್ಕೆ ಸಿಕ್ಕಿತೆಂದು ಇಂತಹ ನಿಂತುಹೋದ ಮಾಲೆಯನ್ನು ಹಿಡಿದರೆ ಮುಂದೆ ಮಸೂರಕ್ಕೆ ಪರದಾಡಬೇಕು. ಡಿ.ಎಸ್.ಎಲ್.ಆರ್. ಕೂಡ ಬೆಳೆಯುವ ಮಾಲೆಯಲ್ಲ. ಆದರೆ ದಶಕಗಳಿಂದ ತಯಾರಾದ ಮಸೂರಗಳು ಅಪಾರ ಸಂಖ್ಯೆಯಲ್ಲಿರುವುದರಿಂದ ಹಳೆಯ ಪೇಟೆಯಲ್ಲಿ ಅದರ ಸಂಸಾರ ಇನ್ನೂ ಬಹುಕಾಲ ಸಾಗಬಲ್ಲದು. ಮಿತವ್ಯಯಿಗೆ ಇಂದು ಇದೊಂದು ಸದವಕಾಶ.

ಬಳಸಿದ ಕ್ಯಾಮರಾ ಕೊಳ್ಳುವಾಗ ಷಟರ್ ಎಷ್ಟು ಬಾರಿ ಬಡಿದಿದೆಯೆಂದು ಕೇಳಬೇಕು. ಚಿಕ್ಕ ದರ್ಜೆಯ ದೇಹಗಳ ಆಯುಸ್ಸನ್ನು ಸಾಮಾನ್ಯವಾಗಿ 1 ಲಕ್ಷ ಬಡಿತಗಳೆಂದು ಎಣಿಸುತ್ತಾರೆ. ಮಸೂರವನ್ನು ದೀಪಕ್ಕೆ ಎದುರಾಗಿ ಹಿಡಿದು ಜೇಡರ ಬಲೆಯಂತಹ ಬೂಷ್ಟಿನ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು. ಹೊಸದಾದರೆ ಬಿಲ್ಲು ಪಡೆಯಲೇಬೇಕು. ಡಿಜಿಟಲ್ ಕ್ಯಾಮರಾಗಳ ಮೇಲಿನ ಜಿ.ಎಸ್.ಟಿ.ಯನ್ನು 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಸಲಾಯಿತು. ತೆರಿಗೆ ಉಳಿಸುವ ನೆಪದಲ್ಲಿ ಬಿಲ್ಲಿಲ್ಲದೆ ಕೊಂಡದ್ದಕ್ಕೆ ತಯಾರಕರ ಭರವಸೆಯೂ ಇಲ್ಲ, ಕಳೆದರೆ ವಿಮೆಯೂ ಇಲ್ಲ.

'ಬಡ್ಡಿಯಿಲ್ಲದ ಕಂತು' ಎಂಬ ಆಕರ್ಷಣೆಯ ಬಗ್ಗೆಯೂ ಒಂದು ಮಾತು. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದೂ, ಬಡ್ಡಿಯ ಅಂಶ ಸೇವಾ ಶುಲ್ಕದ ವೇಷದಲ್ಲಿ ಗ್ರಾಹಕನ ಮೇಲೆ ಬೀಳುತ್ತದೆಂದೂ ಸ್ಪಷ್ಟಪಡಿಸಿತು. ಕಂತಿನಲ್ಲಿ ಕೊಳ್ಳುವ ಮುನ್ನ "ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ?" ಎಂದು ಕೇಳಿದರೆ ಅಡಗಿದ ಬಡ್ಡಿ ತಾನಾಗಿಯೇ ಹೊರಬರುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಹವ್ಯಾಸಕ್ಕೂ ಅನ್ವಯಿಸುತ್ತದೆ.

ಯಾರಿಗೆ ಯಾವುದು?

ಹೊಸದಾಗಿ ಆರಂಭಿಸುವ, ಮನೆ, ಪ್ರವಾಸ, ಸಂಘದ ಸಮಾರಂಭಗಳ ಚಿತ್ರ ತೆಗೆಯಲಿಚ್ಛಿಸುವವರಿಗೆ ಚಿಕ್ಕ ಸಂವೇದಕದ ದರ್ಪಣರಹಿತ ಕ್ಯಾಮರಾ, ವೀಕ್ಷಣ ಕಿಂಡಿಯುಳ್ಳದ್ದು, ಯೋಗ್ಯ. ಅದರ ಮಸೂರದೊಡನೆ ಒಟ್ಟು ತೂಕ ಒಂದು ಕಿಲೋ ಮೀರದಿರಲಿ. ಮನೆಯಲ್ಲಿ ಕೆಲಸ ಮಾಡುವ ಡಿ.ಎಸ್.ಎಲ್.ಆರ್. ಮತ್ತು ಎರಡು ಮೂರು ಮಸೂರ ಉಳ್ಳವರಿಗೆ ಬದಲಾವಣೆ ಅವಶ್ಯವಿಲ್ಲ. ಅದರ ಚಿತ್ರದ ಗುಣ ನಿನ್ನೆಗಿಂತ ಇಂದು ಕೆಟ್ಟಿಲ್ಲ. ಸೀಮಿತ ಹಣದ ವಿದ್ಯಾರ್ಥಿಗೆ ಬಳಸಿದ ಡಿ.ಎಸ್.ಎಲ್.ಆರ್. ಒಳ್ಳೆಯ ಗುರು. ಕೇವಲ ಹುಟ್ಟುಹಬ್ಬ, ಊಟದ ಪಂಕ್ತಿಗಳ ಚಿತ್ರ ಸಾಕೆನ್ನುವವರಿಗೆ ಕಿಸೆಯಲ್ಲಿರುವ ಮೊಬೈಲೇ ಸಾಕು. ಉಳಿದ ಹಣ ಬ್ಯಾಂಕಿನಲ್ಲಿ ಬೆಳೆಯಲಿ.

ಹಕ್ಕಿಗಳ, ವನ್ಯಮೃಗಗಳ ಹವ್ಯಾಸಿಗಳದು ಬೇರೆಯೇ ವರ್ಗ. ಮೂಡಿಗೆರೆಯ ತೋಟದ ಸುತ್ತಲಿನ ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿಯವರನ್ನೂ, ಕರ್ನಾಟಕದ ಹಣಕಾಸು ಸಚಿವರಾಗಿದ್ದೂ ಕಾಡಿನ ಛಾಯಾಗ್ರಹಣದಲ್ಲಿ ಖ್ಯಾತಿ ಪಡೆದ ಸಂಡೂರಿನ ಎಂ. ವೈ. ಘೋರ್ಪಡೆಯವರನ್ನೂ ಇಲ್ಲಿ ನೆನೆಯಬಹುದು. ಶಿವ್ಡಿಯ ಫ್ಲೆಮಿಂಗೋಗಳಿಗಾಗಲಿ ರಂಗನತಿಟ್ಟಿನ ಕೊಕ್ಕರೆಗಳಿಗಾಗಲಿ ಉದ್ದನೆಯ ಮಸೂರ ಅನಿವಾರ್ಯ. ನಿಕಾನ್ ಡಿ.ಎಸ್.ಎಲ್.ಆರ್.ನ 200-500 ಮಸೂರ 2300 ಗ್ರಾಂ. ಅದರ ದರ್ಪಣರಹಿತ ಬಂಧು 180-600 ಮಸೂರ, ಇನ್ನೂ ದೂರ ನೋಡಬಲ್ಲದಾದರೂ, 2140 ಗ್ರಾಂ. ಎರಡು ಕಿಲೋ ಎರಡು ಕಿಲೋವೇ. ಇದನ್ನು ಹೊರಬಯಸುವವರು ಮುಕ್ಕಾಲಿಯನ್ನೂ ದಿನನಿತ್ಯದ ವ್ಯಾಯಾಮವನ್ನೂ ಜತೆಗಿರಿಸಿಕೊಳ್ಳಬೇಕು.

ಸಹಕಾರದ ಮಾರ್ಗ

ಇಂತಹ ದುಬಾರಿ, ಭಾರೀ ಮಸೂರ ಎಲ್ಲರ ಮನೆಯ ಕಪಾಟಿನಲ್ಲಿಯೂ ಇರಬೇಕೇ? ವರ್ಷಕ್ಕೆ ನಾಲ್ಕು ಬಾರಿ ಬೇಕಾಗುವ ವಸ್ತು ಉಳಿದ ದಿನಗಳಲ್ಲಿ ಬೂಷ್ಟಿಗೆ ಆಹಾರವಾಗಿ ಕೂರುವುದು ಜಡ ಬಂಡವಾಳ. ಇದಕ್ಕೆ ಉತ್ತರ ಗ್ರಾಂಟ್ ರೋಡ್ ನಿಲ್ದಾಣದ ಪಶ್ಚಿಮ ಭಾಗದಲ್ಲಿಯೇ ಇದೆ. ಕೆನರಾ ಸೀಮೆಯಿಂದ ಈ ನಗರಕ್ಕೆ ಬಂದ ಸಾರಸ್ವತರಿಗಾಗಿ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘವನ್ನು ತೆರೆದರು. ಅದೇ ಇಂದಿನ ಎಸ್.ವಿ.ಸಿ. ಸಹಕಾರಿ ಬ್ಯಾಂಕು. 1915ರಲ್ಲಿ ಗಾಂದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ತಲೆಯೆತ್ತಿತು. ತಾಡದೇವದ ತಲ್ಮಕಿವಾಡಿ ಅವರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಒಬ್ಬನಿಂದಾಗದ ಮನೆಯನ್ನು ಹತ್ತು ಮಂದಿ ಕೂಡಿ ಕಟ್ಟಿದ ನೆರೆ ಇದು. ಮನೆಗೆ ಒದಗಿದ ನ್ಯಾಯ ಮಸೂರಕ್ಕೆ ಒದಗದೇ?

ನಮ್ಮಂತಹ ಸಂಘಗಳು ಒಂದು ಉತ್ತಮ ಉದ್ದ ಮಸೂರ, ಒಂದು ಗಟ್ಟಿಮುಟ್ಟಾದ ದೇಹ, ಒಂದು ಮುಕ್ಕಾಲಿಯನ್ನು ಸದಸ್ಯರ ಚಂದಾದಿಂದ ಕೊಂಡು, ಒಣ ಡಬ್ಬಿಯಲ್ಲಿಟ್ಟು, ವಹಿಯಲ್ಲಿ ಬರೆದು, ಅಲ್ಪ ಶುಲ್ಕಕ್ಕೆ ಸರದಿಯಂತೆ ಕೊಡಬಹುದು. ದೇಹ ಬಳಸಿದ ಡಿ.ಎಸ್.ಎಲ್.ಆರ್. ಆದರೂ ಅಡ್ಡಿಯಿಲ್ಲ. ಶುಲ್ಕದಿಂದ ದುರಸ್ತಿ ಮತ್ತು ವಿಮೆಯ ವೆಚ್ಚ ಹುಟ್ಟುತ್ತದೆ. ಸದಸ್ಯರು ತಮ್ಮ ಪಾಲಿಗೆ ಹಗುರವಾದ ಚಿಕ್ಕ ಕ್ಯಾಮರಾವನ್ನು ಮಾತ್ರ ಇಟ್ಟುಕೊಂಡರೆ ಸಾಕು.

ಇದರಲ್ಲಿ ಇನ್ನೊಂದು ಹಿತವೂ ಅಡಗಿದೆ. ಊರಿನಿಂದ ಬಂದು ಈ ಮಹಾನಗರದಲ್ಲಿ ಬೇರುಬಿಟ್ಟ ಹಿರಿಯ ತಲೆಮಾರು ಒಬ್ಬೊಬ್ಬರಾಗಿ ಮರೆಯಾಗುತ್ತಿದೆ. ಖಾನಾವಳಿ ನಡೆಸಿದವರು, ರಾತ್ರಿ ಶಾಲೆಯಲ್ಲಿ ಕಲಿತವರು, ಹವ್ಯಾಸಿ ರಂಗಭೂಮಿಯಲ್ಲಿ ಬಣ್ಣ ಹಚ್ಚಿದವರು; ಇವರ ಮುಖಗಳನ್ನು ದಾಖಲಿಸಲು ಮೂರು ಕಿಲೋ ಯಂತ್ರ ಬೇಕಿಲ್ಲ. ಭಾನುವಾರ ಮುಂಜಾನೆ ಕೈಯಲ್ಲೊಂದು ಹಗುರವಾದ ಕ್ಯಾಮರಾ ಹಿಡಿದು ಕಾಲ್ನಡಿಗೆಯಲ್ಲಿ ಅವರ ಮನೆಗೆ ಹೋಗುವವರು ಬೇಕು. ನಡಿಗೆ ಶರೀರಕ್ಕೆ ಒಳ್ಳೆಯದು, ಭೇಟಿ ಮನಸ್ಸಿಗೆ ಒಳ್ಳೆಯದು, ಚಿತ್ರ ಮುಂದಿನವರಿಗೆ ಒಳ್ಳೆಯದು. ಕೊಳ್ಳುವ ಮುನ್ನ ತೂಗಿ ನೋಡಿರಿ. ಕೊಂಡ ಮೇಲೆ ಕಪಾಟಿನಲ್ಲಿಡದೆ ಹೊತ್ತು ನಡೆಯಿರಿ.